ದೋಟಿಯಲ್ಲಿ ಕೊಯ್ದ ಅಡಿಕೆಗೆ ದರ ಕಡಿಮೆಯೇ?

ಮಲೆನಾಡಿನ ತೋಟಗಳಿಗೆ ಫೈಬರ್ ದೋಟಿ ಬಂದಾಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಾರೂ ಅದನ್ನು ಮೋಸ ಎನ್ನಲಿಲ್ಲ. ಮರ ಹತ್ತುವ ಕೊನೆಗಾರರು ಸಿಗದ ಕಾಲದಲ್ಲಿ ನೆಲದ ಮೇಲೆ ನಿಂತೇ ಕೊನೆ ಇಳಿಸುವ ಉಪಾಯ ಅದು. ಮಂಡಿಯಲ್ಲಿ ಚೀಲ ಬಿಚ್ಚಿದಾಗ ನೋಡುವುದು ಅಡಿಕೆ ರಾಶಿಯೋ, ಬೆಟ್ಟೆಯೋ, ಸರಕೋ, ಕಡಿಮೆ ದರದ ಗೊರಬಲೋ ಎಂದು. ಮರ ಹತ್ತಿ ಕೊಯ್ದದ್ದೋ ದೋಟಿಯಲ್ಲಿ ಕೊಯ್ದದ್ದೋ ಎಂದು ಯಾವ ವ್ಯಾಪಾರಿಯೂ ಕೇಳುವುದಿಲ್ಲ. ಬೆಲೆ ಇರುವುದು ಅಡಿಕೆಗೆ, ಮರ ಹತ್ತಿದ್ದಕ್ಕಲ್ಲ. ತೋಟದಲ್ಲಿ ಇಷ್ಟು ಸಲೀಸಾಗಿ ಅರ್ಥವಾಗುವ ಈ ವಿವೇಕ ಅದೇ ಊರಿನ ಕಾಲೇಜಿನ ಪರೀಕ್ಷಾ ಕೊಠಡಿಯ ಹೊಸ್ತಿಲಲ್ಲಿ ಎಡವುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಯ ಉತ್ತರವನ್ನು ಇನ್ನೊಬ್ಬರು ಬರೆದುಕೊಟ್ಟರೆ, ಬರೆಯುವಾಗ ಕೈ ಸೆಡೆಯುವ ವಿದ್ಯಾರ್ಥಿನಿಗೆ ಗಂಟೆಗೆ 20 ನಿಮಿಷ ಹೆಚ್ಚು ಕೊಟ್ಟರೆ, ಅಕ್ಷರಗಳು ಕಲಸಿಹೋಗಿ ಕಾಣುವ ಹುಡುಗನಿಗೆ ಪ್ರಶ್ನೆ ಓದಿ ಹೇಳಿದರೆ, ‘ಉಳಿದವರಿಗೆ ಅನ್ಯಾಯ ಆಗಲಿಲ್ಲವೇ’ ಎಂಬ ಪ್ರಶ್ನೆ ಏಳುತ್ತದೆ. ಇವೆಲ್ಲ ದೋಟಿಗಳೇ. ಇನ್ನೊಂದು ಮಾತೂ ಇದೆ. ದೋಟಿಯನ್ನು ಯಾರೂ ಕೊಯ್ಲಿನ ದಿನ ಬೆಳಿಗ್ಗೆ ಹುಡುಕಿಕೊಂಡು ಹೊರಡುವುದಿಲ್ಲ. ನಮ್ಮ ಕಾಲೇಜುಗಳು ಅಂಗವಿಕಲ ವಿದ್ಯಾರ್ಥಿಗಳ ವಿಷಯದಲ್ಲಿ ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

ಪರೀಕ್ಷೆಯ ಈ ನೆರವುಗಳಿಗೆ ಇಟ್ಟಿರುವ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಆಫೀಸಿನಲ್ಲಿ ಇದನ್ನು ‘ಕನ್ಸೆಷನ್’ ಎನ್ನುತ್ತಾರೆ, ಬರವಣಿಗೆಯಲ್ಲಿ ‘ರಿಯಾಯಿತಿ’. ರಿಯಾಯಿತಿ ಎಂದರೆ ನ್ಯಾಯವಾಗಿ ಸಲ್ಲಬೇಕಾದುದರಲ್ಲಿ ಒಂದಿಷ್ಟನ್ನು ಬಿಟ್ಟುಕೊಡುವುದು. ಬಸ್ ಪಾಸಿಗೆ ಆ ಮಾತು ಒಪ್ಪುತ್ತದೆ, ಪರೀಕ್ಷೆಗೆ ಒಪ್ಪುವುದಿಲ್ಲ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಹೇಳುವುದು ಸಮಂಜಸ ಹೊಂದಾಣಿಕೆಯ ಬಗ್ಗೆ. ಉಳಿದವರಿಗೆ ಇರುವ ಹಕ್ಕನ್ನೇ ಅಂಗವಿಕಲರೂ ಸಮನಾಗಿ ಬಳಸಲು ಬೇಕಾದ ಬದಲಾವಣೆಯನ್ನು, ವ್ಯವಸ್ಥೆಯ ಮೇಲೆ ಅಳತೆ ಮೀರಿದ ಹೊರೆ ಬೀಳದಂತೆ ಮಾಡಿಕೊಡುವುದು ಎಂದು ಅದರ ಸಾರ. 1995ರ ಹಳೆಯ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು, ಹೊಸದು 21 ಬಗೆಗಳನ್ನು ಗುರುತಿಸುತ್ತದೆ. ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಹಿಮೋಫಿಲಿಯಾ, ಕುಡಗೋಲು ಕಣ ರೋಗ ಎಲ್ಲವೂ ಅದರಲ್ಲಿವೆ. ಅಂದರೆ ಹೊರನೋಟಕ್ಕೆ ಏನೂ ಕಾಣದ ವಿದ್ಯಾರ್ಥಿಯೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತಾನೆ. ಶಿಕ್ಷಣ ಸಂಸ್ಥೆಗಳ ಹೊಣೆಯನ್ನು 16ನೇ ಸೆಕ್ಷನ್ ಹೇಳುತ್ತದೆ. ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯಂಥ ಬದಲಾವಣೆಗಳನ್ನು ಪಠ್ಯಕ್ರಮದಲ್ಲೂ ಪರೀಕ್ಷೆಯಲ್ಲೂ ಮಾಡಬೇಕೆಂದು 17ನೇ ಸೆಕ್ಷನ್ ಹೇಳುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕೆಂದು 32ನೇ ಸೆಕ್ಷನ್ ವಿಧಿಸುತ್ತದೆ. ಇಲ್ಲಿ ಪ್ರಾಂಶುಪಾಲರ ಒಳ್ಳೆಯತನದ ಮಾತಿಲ್ಲ, ಕರ್ತವ್ಯದ ಮಾತಿದೆ.

ಈ ಕರ್ತವ್ಯ ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ ಕೆಲವೇ ವರ್ಷಗಳಲ್ಲಿ ಹಂತಹಂತವಾಗಿ ತಿಳಿಯಾಗಿಸಿದೆ. ಬರೆಯುವಾಗ ಕೈ ಸೆಡೆಯುವ ತೊಂದರೆ ಇದ್ದ ವಿಕಾಸ್ ಕುಮಾರ್ ಅವರಿಗೆ ಶೇ 40ರ ಪ್ರಮಾಣಪತ್ರವಿಲ್ಲ ಎಂಬ ಕಾರಣಕ್ಕೆ ಕೇಂದ್ರ ಲೋಕಸೇವಾ ಆಯೋಗ ಲಿಪಿಕಾರರನ್ನು, ಅಂದರೆ ಉತ್ತರ ಬರೆದುಕೊಡುವವರನ್ನು, ನಿರಾಕರಿಸಿತ್ತು. 2021ರ ಫೆಬ್ರುವರಿ 11ರ ತೀರ್ಪಿನಲ್ಲಿ ನ್ಯಾಯಾಲಯ ಒಂದು ಮುಖ್ಯ ಭೇದವನ್ನು ಗುರುತಿಸಿತು. ಶೇ 40ರ ಗೆರೆ ಇರುವುದು ಮೀಸಲಾತಿಯಂಥ ಸೌಲಭ್ಯಗಳಿಗೆ, ಹೊಂದಾಣಿಕೆಯ ಹಕ್ಕು ಅಂಗವಿಕಲರಾದ ಎಲ್ಲರದು. 2025ರ ಫೆಬ್ರುವರಿಯಲ್ಲಿ ಗುಲ್ಶನ್ ಕುಮಾರ್ ಪ್ರಕರಣದಲ್ಲಿ ಅದೇ ನಿಲುವು ಇನ್ನಷ್ಟು ಗಟ್ಟಿಯಾಯಿತು. ಈ ಎರಡರ ನಡುವೆ 2021ರ ನವೆಂಬರಿನಲ್ಲಿ ಬಂದ ಅವನಿ ಪ್ರಕಾಶ್ ಪ್ರಕರಣ ನಮ್ಮ ಕಾಲೇಜುಗಳಿಗೆ ಹೆಚ್ಚು ಪಾಠ ಹೇಳುತ್ತದೆ. ಡಿಸ್‌ಗ್ರಾಫಿಯಾ ಎಂಬ ಬರವಣಿಗೆಯ ತೊಂದರೆ ಇದ್ದ ಆ ವಿದ್ಯಾರ್ಥಿನಿಗೆ ನೀಟ್ ಪರೀಕ್ಷಾ ಕೇಂದ್ರದಲ್ಲಿ ಸಲ್ಲಬೇಕಿದ್ದ ಒಂದು ಗಂಟೆಯನ್ನು ಕೊಡಲಿಲ್ಲ. ತಪ್ಪು ಪರೀಕ್ಷಾ ಸಂಸ್ಥೆಯದೇ ಎಂದು ನ್ಯಾಯಾಲಯ ಒಪ್ಪಿತು. ಆದರೂ ಮರುಪರೀಕ್ಷೆಗೆ ಆದೇಶಿಸಲಿಲ್ಲ, ಆಗಿರುವ ಅನ್ಯಾಯವನ್ನು ಹೇಗೆ ಸರಿಪಡಿಸಬಹುದೆಂದು ಯೋಚಿಸಲು ಸಂಸ್ಥೆಗೇ ಹೇಳಿತು. ಪರೀಕ್ಷೆಯ ದಿನ ತಪ್ಪಿದ ಒಂದು ಗಂಟೆಯನ್ನು ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೂ ಹಿಂದಕ್ಕೆ ತಂದುಕೊಡಲು ಆಗಲಿಲ್ಲ. ಹೊಂದಾಣಿಕೆಯನ್ನು ಕೊನೆಯ ಗಳಿಗೆಗೆ ಬಿಡಬಾರದು ಎನ್ನಲು ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಈಗ ಅನ್ಯಾಯದ ಪ್ರಶ್ನೆಗೆ ಬರೋಣ. ಅದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಕೇಳುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ರ‍್ಯಾಂಕಿನ ಚಿಂತೆಯಲ್ಲಿರುವವರು. ಮೂರು ಗಂಟೆಯ ಪತ್ರಿಕೆಗೆ ಒಬ್ಬರಿಗೆ ನಾಲ್ಕು ಗಂಟೆ ಏಕೆ? ಉತ್ತರ ಸಿಗುವುದು ಪರೀಕ್ಷೆ ಏನನ್ನು ಅಳೆಯಲು ಹೊರಟಿದೆ ಎಂದು ಕೇಳಿಕೊಂಡಾಗ. ಬಿ.ಎ. ಇತಿಹಾಸದ ಪತ್ರಿಕೆ ಅಳೆಯುವುದು ವಿಜಯನಗರದ ಆಡಳಿತ ವಿದ್ಯಾರ್ಥಿಗೆ ಎಷ್ಟು ಅರ್ಥವಾಗಿದೆ ಎಂಬುದನ್ನು, ಮೂರು ಗಂಟೆಯಲ್ಲಿ ಬೆರಳು ಎಷ್ಟು ಹಾಳೆ ತುಂಬಿಸುತ್ತದೆ ಎಂಬುದನ್ನಲ್ಲ. ಸೆಡೆಯುವ ಕೈಯಿಂದ ಮೂರು ಗಂಟೆಯಲ್ಲಿ ಬರೆಸಿದರೆ ಸಿಗುವ ಅಂಕ ಇತಿಹಾಸದ್ದಲ್ಲ, ಕೈಯದ್ದು. ಹಾಗಾಗಿ ಹೆಚ್ಚುವರಿ ಸಮಯ ತಕ್ಕಡಿಯನ್ನು ಒಂದು ಕಡೆಗೆ ಒತ್ತುವುದಲ್ಲ, ತಕ್ಕಡಿಯಲ್ಲಿ ಅಂಟಿಕೊಂಡಿದ್ದ ಬೇರೆ ಭಾರವನ್ನು ಕೆರೆದು ತೆಗೆಯುವುದು. ಇದೇ ತರ್ಕ ಹೊಂದಾಣಿಕೆಯ ಮಿತಿಯನ್ನೂ ತೋರಿಸುತ್ತದೆ. ಶೀಘ್ರಲಿಪಿ ಪರೀಕ್ಷೆಯಲ್ಲಿ ವೇಗವೇ ವಿದ್ಯೆ, ಅಲ್ಲಿ ಸಮಯ ಹಿಗ್ಗಿಸಿದರೆ ಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ. ಮರ ಹತ್ತುವ ಸ್ಪರ್ಧೆಗೆ ದೋಟಿ ತರುವಂತಿಲ್ಲ, ಸರಿ. ಆದರೆ ಪದವಿ ತರಗತಿಯ ಪತ್ರಿಕೆಗಳಲ್ಲಿ ಬಹುಪಾಲು ಮರ ಹತ್ತುವ ಸ್ಪರ್ಧೆಗಳಲ್ಲ. ಹೊಂದಾಣಿಕೆ ಒಂದೇ ಅಚ್ಚಿನದೂ ಅಲ್ಲ. ಕಿವಿ ಕೇಳದ ವಿದ್ಯಾರ್ಥಿಗೆ ಒಂದು ಗಂಟೆ ಹೆಚ್ಚು ಕೊಟ್ಟು ಕೈ ತೊಳೆದುಕೊಂಡರೆ ಪ್ರಯೋಜನ ಕಡಿಮೆ. ಅವನಿಗೆ ಬೇಕಿದ್ದದ್ದು ವರ್ಷವಿಡೀ ಪಾಠದ ಲಿಖಿತ ರೂಪ, ಸನ್ನೆ ಭಾಷೆ ಬಲ್ಲವರ ನೆರವು, ಕರಿಹಲಗೆಯ ಕಡೆ ತಿರುಗಿಕೊಂಡು ಮಾತಾಡದ ಮೇಷ್ಟ್ರು.

ಈ ವರ್ಷವಿಡೀ ಎಂಬ ಮಾತು ನಮ್ಮ ಮೂರು ತಾಲ್ಲೂಕುಗಳಲ್ಲಿ ಶುರುವಾಗುವುದು ಕಾಲೇಜಿನ ಗೇಟಿಗಿಂತ ಬಹಳ ಹಿಂದೆ. ಇಲ್ಲಿನ ಮನೆಗಳು ಒಟ್ಟೊಟ್ಟಿಗೆ ಇಲ್ಲ. ತೋಟದಂಚಿನ ಒಂಟಿಮನೆಯಿಂದ ಮಣ್ಣಿನ ದಾರಿ, ಹಳ್ಳಕ್ಕೊಂದು ಕಾಲುಸಂಕ, ಆಮೇಲೆ ಟಾರು ರಸ್ತೆ, ಅಲ್ಲಿ ಹೊತ್ತು ನೋಡಿ ಬರುವ ಬಸ್ಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಊರುಗೋಲು ನೆಲದಲ್ಲಿ ನಿಲ್ಲುವುದಿಲ್ಲ, ಗಾಲಿಕುರ್ಚಿ ಮಣ್ಣಿನಿಂದ ಮೇಲೇಳುವುದಿಲ್ಲ. ಕೆಎಸ್‌ಆರ್‌ಟಿಸಿ ವಿಕಲಚೇತನರಿಗೆ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ ರಿಯಾಯಿತಿ ಪಾಸು ಕೊಡುತ್ತದೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಎರಡೂ ಒಳ್ಳೆಯದೇ, ಆದರೆ ಖಾಸಗಿ ಬಸ್ಸೇ ಓಡುವ ದಾರಿಯಲ್ಲಿ ಎರಡೂ ಉಪಯೋಗಕ್ಕೆ ಬಾರವು. ಶಂಕರ್ ಟ್ರಾನ್ಸ್‌ಪೋರ್ಟ್ ಮುಚ್ಚಿದ ಮೇಲೆ ಅದರ ಕಾರ್ಮಿಕರೇ 1991ರಲ್ಲಿ ಕೊಪ್ಪದಲ್ಲಿ ಕಟ್ಟಿಕೊಂಡ ಸಹಕಾರ ಸಾರಿಗೆ ಮಲೆನಾಡಿನ ಊರೂರಿಗೆ ಬಸ್ಸು ಓಡಿಸಿತ್ತು. ನಷ್ಟ ತಾಳಲಾರದೆ 2020ರ ಆರಂಭದಲ್ಲಿ ಅದೂ ನಿಂತಿತು. ಒಂದು ಬಸ್ಸು ತಪ್ಪಿದರೆ ಉಳಿದ ಹುಡುಗರು ಬೈಕಿಗೆ ಕೈ ಅಡ್ಡ ಹಾಕಿ ಹೇಗೋ ತಲುಪುತ್ತಾರೆ, ಕಾಲಿಲ್ಲದ ಹುಡುಗನಿಗೆ ಆ ‘ಹೇಗೋ’ ಇಲ್ಲ. ಅವನ ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದರೆ ಅದನ್ನು ಸೋಮಾರಿತನವೆಂದು ಲೆಕ್ಕ ಹಾಕುವುದು ರಿಜಿಸ್ಟರಿಗೆ ಸುಲಭ, ನ್ಯಾಯಕ್ಕೆ ಕಷ್ಟ. ಮಳೆಗಾಲದ ಹಾಜರಾತಿಗೆ ಒಂದು ದಾರಿ, ತಪ್ಪಿದ ಪಾಠಕ್ಕೆ ಧ್ವನಿಮುದ್ರಣ ಕೂಡ ಹೊಂದಾಣಿಕೆಯೇ ಎಂದು ಮಲೆನಾಡಿನ ಕಾಲೇಜುಗಳು ಮೊದಲು ಹೇಳಬೇಕು. ದೆಹಲಿಯ ಮಾರ್ಗಸೂಚಿಯಲ್ಲಿ ಕಾಲುಸಂಕದ ಹೆಸರು ಬರುವುದಿಲ್ಲ.

ಅಂಗವೈಕಲ್ಯದ ಪ್ರಮಾಣಪತ್ರದ ದಾರಿಯೂ ಹೀಗೆಯೇ ಉದ್ದ. ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪ ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಆದರೆ ಅಲ್ಲಿನವರಿಗೆ ಹತ್ತಿರದ ದೊಡ್ಡ ಊರು ಶಿವಮೊಗ್ಗ. ಪ್ರಮಾಣಪತ್ರಕ್ಕಾಗಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರಲು ಒಂದು ದಿನವಿಡೀ ಬೇಕು. ವೈದ್ಯರು ಆ ದಿನ ಸಿಗದಿದ್ದರೆ ಮತ್ತೊಂದು ದಿನ, ಜೊತೆಗೆ ಬಂದವರ ಕೂಲಿಯೂ ಹೋಯಿತು. ಮೂಳೆ, ಕಣ್ಣು, ಕಿವಿಯ ತೊಂದರೆಗಳಿಗೆ ಇಷ್ಟಾದರೂ ದಾರಿಯಿದೆ. ಕಲಿಕಾ ನ್ಯೂನತೆಯನ್ನು ಪರೀಕ್ಷಿಸಬಲ್ಲ ಮನಶ್ಶಾಸ್ತ್ರ ತಜ್ಞರು ತಾಲ್ಲೂಕು ಮಟ್ಟದಲ್ಲಿ ವಿರಳ. ಹೀಗಾಗಿ ಹತ್ತನೇ ತರಗತಿವರೆಗೆ ‘ದಡ್ಡ’ ಎನಿಸಿಕೊಂಡೇ ಬಂದ ಹುಡುಗ ತನಗಿರುವುದು ಡಿಸ್‌ಲೆಕ್ಸಿಯಾ ಎಂದು ತಿಳಿಯದೆಯೇ ಕಾಲೇಜು ಬಿಟ್ಟುಹೋಗಬಹುದು. ಇಲ್ಲಿ ರಾಜ್ಯದ ಕೈಯಲ್ಲಿ ಈಗಾಗಲೇ ಒಂದು ಸಾಧನವಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಯಾವ ಮನೆಯಲ್ಲಿ ಯಾರಿಗೆ ಏನು ತೊಂದರೆ, ಪಿಂಚಣಿ ಯಾರಿಗೆ ಬಂದಿಲ್ಲ ಎಂದು ಬಲ್ಲವರು ಇವರು. ಪಿಯುಸಿ ಮುಗಿಸಿದ ಮಕ್ಕಳ ವಿವರವನ್ನು ಇವರು ಕಾಲೇಜಿಗೆ ಮುಟ್ಟಿಸುವಂತೆ, ಕಾಲೇಜು ಇವರ ಮೂಲಕ ಪ್ರಮಾಣಪತ್ರದ ಕೆಲಸ ಮುಗಿಸುವಂತೆ ಈ ಕಾರ್ಯಕರ್ತರ ಇಲಾಖೆ ಮತ್ತು ಶಿಕ್ಷಣ ಇಲಾಖೆ ಮಾತಾಡಿಕೊಂಡರೆ ಹೊಸದಾಗಿ ಒಂದು ಹುದ್ದೆಯನ್ನೂ ಸೃಷ್ಟಿಸಬೇಕಿಲ್ಲ.

ತರಗತಿಯೊಳಗೆ ಬಂದರೆ ಕನ್ನಡದಲ್ಲಿ ಓದುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಕಣ್ಣು ಕಾಣದವರು ಕಂಪ್ಯೂಟರ್ ಮತ್ತು ಮೊಬೈಲನ್ನು ಬಳಸುವುದು ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶದ ಮೂಲಕ. ಆಸ್ಟ್ರೇಲಿಯಾದ ಇಬ್ಬರು ದೃಷ್ಟಿದೋಷವುಳ್ಳ ಗೆಳೆಯರು 2006ರಲ್ಲಿ ಶುರುಮಾಡಿದ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಇ-ಸ್ಪೀಕ್ ಎಂಬ ಧ್ವನಿಯ ನೆರವಿನಿಂದ ಕನ್ನಡವನ್ನೂ ಓದುತ್ತದೆ. ಆದರೆ ಅದು ಓದುವುದು ಯುನಿಕೋಡ್ ಕನ್ನಡವನ್ನು. ನಮ್ಮ ಎಷ್ಟೋ ನೋಟ್ಸುಗಳು, ಹಳೆಯ ಪ್ರಶ್ನೆಪತ್ರಿಕೆಗಳು ಇರುವುದು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಕಡತಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸು. ತಂತ್ರಾಂಶ ಪ್ರಾಮಾಣಿಕವಾಗಿ ಆ ಕಲಸನ್ನೇ ಓದುತ್ತದೆ. ಕೈಬರಹದ ನೋಟ್ಸನ್ನು ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಅಷ್ಟೂ ಇಲ್ಲ, ಅಲ್ಲಿ ಓದಲು ಅಕ್ಷರವೇ ಇರುವುದಿಲ್ಲ. ಹಳೆಯ ಫಾಂಟನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಕಾಸಿಲ್ಲದೆ ಸಿಗುತ್ತವೆ. ಅಧ್ಯಾಪಕರು ಮೊದಲಿನಿಂದಲೇ ಯುನಿಕೋಡಿನಲ್ಲಿ ಟೈಪ್ ಮಾಡಿದರೆ ಅದೂ ಬೇಡ. ಒಬ್ಬ ವಿದ್ಯಾರ್ಥಿಗೆ ಇಡೀ ಗ್ರಂಥಾಲಯದ ಬಾಗಿಲು ತೆರೆಯುವ ಈ ಕೆಲಸಕ್ಕೆ ಟೆಂಡರು ಬೇಡ, ಕಟ್ಟಡ ಬೇಡ, ಅನುದಾನ ಬೇಡ. ಬೇಕಿರುವುದು ‘ನಮ್ಮ ತರಗತಿಯಲ್ಲಿ ಹೀಗೆ ಓದುವವರೊಬ್ಬರಿದ್ದಾರೆ’ ಎಂಬ ಮಾಹಿತಿ ವರ್ಷದ ಮೊದಲ ದಿನ ಅಧ್ಯಾಪಕರ ಕೈಸೇರುವುದು.

ಲಿಪಿಕಾರರ ವಿಷಯದಲ್ಲಂತೂ ಕೊನೆಯ ಗಳಿಗೆಯ ಓಡಾಟವೇ ರೂಢಿಯಾಗಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ವಿದ್ಯಾರ್ಥಿಯೇ ಕರೆತರುವ ಲಿಪಿಕಾರರ ಓದು ಒಂದು ಮೆಟ್ಟಿಲು ಕೆಳಗಿರಬೇಕೆಂದಿತು. ಉತ್ತರ ಬರೆದುಕೊಡುವವರೇ ಉತ್ತರ ಹೇಳಿಬಿಡಬಾರದು ಎಂಬ ಕಾಳಜಿ ಅದರ ಹಿಂದಿದೆ, ಅದು ತಪ್ಪಲ್ಲ. ಆದರೆ ಅದನ್ನು ಪಾಲಿಸುವ ಹೊರೆಯನ್ನು ವಿದ್ಯಾರ್ಥಿಯ ಹೆಗಲಿಗೇ ಏರಿಸಿದರೆ, ಪದವಿ ವಿದ್ಯಾರ್ಥಿನಿಯೊಬ್ಬಳು ತನ್ನ ಓದಿನ ಹೊತ್ತಿನಲ್ಲಿ ಪಿಯುಸಿ ಹುಡುಗಿಯರ ಮನೆಮನೆ ಅಲೆಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಸ್ವಯಂಸೇವಕರ ಬಳಗಗಳಿವೆ. ನೂರಾರು ಪರೀಕ್ಷೆಗಳನ್ನು ಅಂಗವಿಕಲರ ಪರವಾಗಿ ಬರೆದ ಬೆಂಗಳೂರಿನ ಪುಷ್ಪಾ ಅವರಿಗೆ 2019ರಲ್ಲಿ ನಾರಿ ಶಕ್ತಿ ಪುರಸ್ಕಾರ ಬಂತು. ಅವರ ಕೆಲಸ ದೊಡ್ಡದು. ಆದರೆ ಒಬ್ಬರ ಔದಾರ್ಯಕ್ಕೆ ದೇಶ ಪ್ರಶಸ್ತಿ ಕೊಡಬೇಕಾಗಿ ಬಂತು ಎಂದರೆ ಅಲ್ಲಿ ವ್ಯವಸ್ಥೆಯೊಂದು ಇಲ್ಲ ಎಂದೂ ಅರ್ಥ. ಇಲ್ಲಿ ಶೃಂಗೇರಿಯ ತುಂಗೆಯ ದಡದ ಕಪ್ಪೆ ಶಂಕರ ನೆನಪಾಗುತ್ತದೆ. ಬಿಸಿಲಲ್ಲಿ ಬಳಲುತ್ತಿದ್ದ ಬಸುರಿ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಮಾಡಿತೆಂಬ ಐತಿಹ್ಯವನ್ನು ಅಲ್ಲಿ ಕಲ್ಲಿನಲ್ಲಿ ಇಟ್ಟಿದ್ದೇವೆ. ಎಲ್ಲೆಲ್ಲೂ ಕಾಣುವ ಸಂಗತಿಯಾಗಿದ್ದರೆ ಅದನ್ನು ಯಾರೂ ಕಲ್ಲಿನಲ್ಲಿ ಕೆತ್ತುತ್ತಿರಲಿಲ್ಲ. ಕಾಲೇಜಿಗೆ ಬೇಕಾದ ನೆರಳು ಹಾವಿನ ಹೆಡೆಯದಲ್ಲ, ಸೂರಿನದು. ಪಕ್ಕದ ಪದವಿಪೂರ್ವ ಕಾಲೇಜಿನ ಆಸಕ್ತ ವಿದ್ಯಾರ್ಥಿಗಳ ಪಟ್ಟಿಯೊಂದನ್ನು ಎನ್‌ಎಸ್‌ಎಸ್ ಘಟಕ ವರ್ಷಾರಂಭದಲ್ಲೇ ಮಾಡಿ, ಓದುವ ಮತ್ತು ಹೇಳಿದ್ದನ್ನು ಬರೆಯುವ ಅಭ್ಯಾಸ ಮಾಡಿಸಿಟ್ಟರೆ ಆ ಸೂರಿಗೆ ಒಂದು ಕಂಬ ನಿಂತಂತೆ.

ಅನ್ಯಾಯದ ಮಾತು ಮೊದಲ ಆಕ್ಷೇಪವಾದರೆ, ಎರಡನೆಯದು ಸಂಖ್ಯೆಯದು. ‘ನಮ್ಮ ಕಾಲೇಜಿನಲ್ಲಿ ಅಂಥವರು ಒಬ್ಬರೋ ಇಬ್ಬರೋ, ಅವರಿಗಾಗಿ ಇಷ್ಟೆಲ್ಲ ಏಕೆ?’ 2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಜನಸಂಖ್ಯೆಯ ಶೇ 2.21. ಕರ್ನಾಟಕದಲ್ಲಿ 13.24 ಲಕ್ಷ. ಆದರೆ 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ ಅಂಗವಿಕಲರೆಂದು ದಾಖಲಾದವರು ಸುಮಾರು 89 ಸಾವಿರ. ಊರಿನಲ್ಲಿ ನೂರಕ್ಕೆ ಇಬ್ಬರು, ಕಾಲೇಜಿನಲ್ಲಿ ಸಾವಿರಕ್ಕೆ ಇಬ್ಬರು. ಜನಗಣತಿಯ ಲೆಕ್ಕದಲ್ಲಿ ವಯಸ್ಸಾದ ಮೇಲೆ ಕಣ್ಣು, ಕಿವಿ ಕಳೆದುಕೊಂಡವರೂ ಸೇರಿದ್ದಾರೆ ಎಂಬುದು ನಿಜ. ಕಾಲೇಜಿನಲ್ಲಿದ್ದೂ ಹೇಳಿಕೊಳ್ಳದವರು ಇರಬಹುದೆಂಬುದೂ ನಿಜ. ಅಷ್ಟನ್ನು ಬಿಟ್ಟುಕೊಟ್ಟರೂ ಹತ್ತು ಪಟ್ಟಿನ ಅಂತರಕ್ಕೆ ಅದು ಉತ್ತರವಾಗುವುದಿಲ್ಲ. ಹೇಳಿಕೊಂಡು ಪ್ರಯೋಜನವಿಲ್ಲದ ಕಡೆ ಯಾರೂ ಹೇಳಿಕೊಳ್ಳುವುದಿಲ್ಲ ಎಂಬುದಕ್ಕೂ ಅದೇ ಅಂಕಿ ಸಾಕ್ಷಿಯಾದೀತು. ಸಂಖ್ಯೆ ಕಡಿಮೆ ಇರುವುದರಿಂದ ವ್ಯವಸ್ಥೆ ಬೇಡ ಎನ್ನುವವರು, ವ್ಯವಸ್ಥೆ ಇಲ್ಲದಿರುವುದರಿಂದಲೇ ಸಂಖ್ಯೆ ಕಡಿಮೆ ಇರಬಹುದು ಎಂಬುದನ್ನು ನೋಡುತ್ತಿಲ್ಲ. ಸಂಕವಿಲ್ಲದ ಹಳ್ಳದ ಬಳಿ ನಿಂತು ಯಾರೂ ದಾಟುತ್ತಿಲ್ಲ, ಹಾಗಾಗಿ ಸಂಕ ಬೇಡ ಎಂದಂತೆ. ಖರ್ಚಿನ ಮಾತೂ ಇಷ್ಟೇ. ಲಿಫ್ಟ್ ಕಟ್ಟಲು ಲಕ್ಷಗಳು ಬೇಕು, ಆದರೆ ಮಹಡಿಯ ಮೇಲಿನ ತರಗತಿಯನ್ನು ಕೆಳಗೆ ತರಲು ವೇಳಾಪಟ್ಟಿ ಬದಲಿಸಿದರೆ ಸಾಕು. ಅಳತೆ ಮೀರಿದ ಹೊರೆ ಬೀಳಬಾರದೆಂದು ಕಾಯ್ದೆಯೇ ಹೇಳಿದೆ. ಸಣ್ಣ ಕಾಲೇಜಿನಿಂದ ಅದು ಕೇಳುವುದು ಸಾಧ್ಯವಿದ್ದುದನ್ನು ಮಾಡು ಎಂದು.

ಮೂರನೆಯದು ದುರ್ಬಳಕೆಯ ಭಯ. ಸುಳ್ಳು ಪ್ರಮಾಣಪತ್ರಗಳ ಸುದ್ದಿ ಆಗಾಗ ಬರುತ್ತಿರುವಾಗ ಈ ಭಯವನ್ನು ಕಲ್ಪನೆ ಎನ್ನಲಾಗದು. ಆದರೆ ಸುಳ್ಳುಗಾರನನ್ನು ಹಿಡಿಯಲು ದಾರಿಗಳಿವೆ, ಶಿಕ್ಷೆಯೂ ಇದೆ. ವಂಚನೆಯಿಂದ ಅಂಗವಿಕಲರ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಜೈಲು ಎಂದು 2016ರ ಕಾಯ್ದೆಯೇ ಹೇಳುತ್ತದೆ. ತೋಟಕ್ಕೆ ಮಂಗ ನುಗ್ಗುತ್ತದೆಂದು ಬೆಳೆಯನ್ನೇ ಇಡದವರು ಮಲೆನಾಡಿನಲ್ಲಿ ಕಡಿಮೆ. ಇನ್ನು, ‘ಹೊರಗಿನ ಜಗತ್ತು ಇವರಿಗೆ ಹೆಚ್ಚು ಸಮಯ ಕೊಡುತ್ತದೆಯೇ, ಕಾಲೇಜಿನಲ್ಲೇ ಗಟ್ಟಿಯಾಗಲಿ’ ಎನ್ನುವವರಿದ್ದಾರೆ. ಹೊರಗಿನ ಜಗತ್ತಿಗೂ ಅದೇ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ಶೇ 4ರ ಮೀಸಲಾತಿ, ಕೆಲಸದ ಜಾಗದಲ್ಲಿ ಹೊಂದಾಣಿಕೆ ಎರಡೂ ಅದರಲ್ಲಿವೆ. ಅದಿಲ್ಲದಿದ್ದರೂ, ಮುಂದೆ ಕಲ್ಲುದಾರಿ ಇದೆಯೆಂದು ಈಗಲೇ ಚಪ್ಪಲಿ ಕಿತ್ತುಕೊಳ್ಳುವುದು ತರಬೇತಿಯಲ್ಲ.

ಹಾಗಾದರೆ ಆಗಬೇಕಾದದ್ದೇನು? ಈ ಮೂರು ತಾಲ್ಲೂಕುಗಳ ಪದವಿ ಕಾಲೇಜುಗಳು ಹೆಚ್ಚಾಗಿ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕವಿಯ ಹೆಸರು ಹೊತ್ತ ವಿಶ್ವವಿದ್ಯಾಲಯ ಪ್ರವೇಶ ಅರ್ಜಿಯಲ್ಲಿ ಒಂದೇ ಒಂದು ಪ್ರಶ್ನೆಯನ್ನು ಅರ್ಥಪೂರ್ಣವಾಗಿ ಕೇಳುವಂತೆ ಮಾಡಬಹುದು. ‘ಅಂಗವಿಕಲರೇ? ಹೌದು/ಇಲ್ಲ’ ಎಂಬುದು ಅಂಕಿಅಂಶಕ್ಕೆ ಬೇಕಾದ ಪ್ರಶ್ನೆ. ‘ನೀವು ಓದಲು, ಬರೆಯಲು, ಕೇಳಲು, ತರಗತಿಗೆ ಬರಲು ಯಾವ ವ್ಯವಸ್ಥೆ ಬೇಕು?’ ಎಂಬುದು ವಿದ್ಯಾರ್ಥಿಗೆ ಬೇಕಾದ ಪ್ರಶ್ನೆ. ಆ ಉತ್ತರ ಒಬ್ಬ ನಿಗದಿತ ಅಧ್ಯಾಪಕರ ಕೈಗೆ ಹೋಗಿ, ವೇಳಾಪಟ್ಟಿ ಮಾಡುವವರಿಗೆ, ಗ್ರಂಥಪಾಲಕರಿಗೆ, ಪರೀಕ್ಷಾ ವಿಭಾಗಕ್ಕೆ ಮೊದಲ ತಿಂಗಳಲ್ಲೇ ತಲುಪಿದರೆ, ಪರೀಕ್ಷೆಯ ಹಿಂದಿನ ವಾರ ಯಾರೂ ಅರ್ಜಿ ಹಿಡಿದು ಆಫೀಸಿನ ಮುಂದೆ ನಿಲ್ಲಬೇಕಿಲ್ಲ. ನಿಂತು ಬೇಡಿದಾಗಲೇ ಹಕ್ಕು ದಯೆಯ ಹಾಗೆ ಕಾಣತೊಡಗುವುದು. ಕೊಟ್ಟವರಿಗೂ ಉಪಕಾರ ಮಾಡಿದಂತೆ, ಪಡೆದವರಿಗೂ ಋಣ ಹೊತ್ತಂತೆ, ನೋಡುತ್ತಿದ್ದವರಿಗೂ ಯಾರಿಗೋ ಏನೋ ಹೆಚ್ಚು ಸಿಕ್ಕಂತೆ. ಜೂನ್‌ನಲ್ಲೇ ಸದ್ದಿಲ್ಲದೆ ಆಗಿಹೋದ ವ್ಯವಸ್ಥೆಗೆ ಈ ಮೂರೂ ಭ್ರಮೆಗಳು ಅಂಟುವುದಿಲ್ಲ. ಆಮೇಲೆ ಉತ್ತರಪತ್ರಿಕೆ ಮೌಲ್ಯಮಾಪಕರ ಮೇಜಿಗೆ ಬಂದಾಗ ಅಲ್ಲಿಯೂ ಮಂಡಿಯ ನ್ಯಾಯವೇ ನಡೆಯಲಿ. ಯಾವ ಕೈ ಬರೆಯಿತು, ಎಷ್ಟು ಹೊತ್ತು ಬರೆಯಿತು ಎಂದು ಕೇಳದೆ, ಉತ್ತರ ರಾಶಿಯೋ ಗೊರಬಲೋ ಎಂದಷ್ಟೇ ನೋಡಲಿ. ಅಂಗವಿಕಲ ವಿದ್ಯಾರ್ಥಿ ಕೇಳುತ್ತಿರುವುದು ಅಷ್ಟನ್ನೇ. ಗೊರಬಲಾದರೆ ಗೊರಬಲಿನ ದರವೇ ಸಿಗಲಿ ಎಂಬುದೂ ಅದರಲ್ಲಿ ಸೇರಿದೆ.